ಮ್ಯಾಚ್ ಮುಗಿದ ಮೇಲೆ ಅಂಪೈರ್ ಮೇಲೆ ಬಾಟಲಿ ಎಸೆದ ನಮ್ಮ ಹುಡುಗ. ಏನು ಮಾಡಲಿ?

ಪಿಟಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ ನಾನು, 14 ವರ್ಷ ಸರ್ವಿಸ್. ಊರು, ತಾಲ್ಲೂಕು ಹೇಳಲ್ಲ, ಯಾಕೆ ಅಂತ ಓದಿದ ಮೇಲೆ ನಿಮಗೇ ಗೊತ್ತಾಗುತ್ತೆ.

ಕಳೆದ ಶುಕ್ರವಾರ ತಾಲ್ಲೂಕು ಮಟ್ಟದ ಕ್ರೀಡಾಕೂಟ. 17 ವರ್ಷದೊಳಗಿನ ಬಾಲಕರ ಕಬಡ್ಡಿ ಫೈನಲ್. ಹೋಬಳಿ ಗೆದ್ದು ಬಂದಿದ್ವಿ, ಇದನ್ನೂ ಗೆದ್ದಿದ್ದರೆ ಜಿಲ್ಲೆಗೆ ಹೋಗ್ತಿದ್ವಿ. 31–30ರಲ್ಲಿ ಸೋತ್ವಿ. ಕೊನೇ ರೈಡು ನಮ್ಮ ಕ್ಯಾಪ್ಟನ್‌ದು, ಹತ್ತನೇ ಕ್ಲಾಸಿನ ಹುಡುಗ. ಬೋನಸ್ ಗೆರೆ ದಾಟಿದೆ, ಒಂದು ಅಂಕ ಬಂತು ಅಂತ ಬೆರಳೆತ್ತಿಕೊಂಡೇ ವಾಪಸ್ ಬಂದ. ಅಂಪೈರ್ ಕೊಡಲಿಲ್ಲ. ಅವರು ಪಕ್ಕದ ಹೋಬಳಿಯ ಶಾಲೆಯೊಂದರ ಪಿಇ ಮೇಡಂ. ಇವನು ಕೇಳೋಕೆ ಹೋದಾಗ ಮುಖದ ಎದುರಿಗೆ ಅಂಗೈ ತೋರಿಸಿದರು, 'ಹೋಗೋ' ಅನ್ನೋ ಹಾಗೆ. ಅಷ್ಟರಲ್ಲಿ ಟೈಮ್ ಆಗಿ ಉದ್ದ ಸೀಟಿ ಬಿತ್ತು.

ಆಮೇಲೆ ಆಗಿದ್ದು ಇದು. ಎರಡೂ ಟೀಮು ಸಾಲಾಗಿ ನಿಂತು ಕೈ ಕುಲುಕುವಾಗ ಇವನು ಮೇಡಂ ಹತ್ತಿರ ಬಂದು ಕೈ ಹಿಂದಕ್ಕೆ ಕಟ್ಟಿಕೊಂಡ. 'ಎಷ್ಟು ತಗೊಂಡ್ರಿ?' ಅಂದ. ಗೆರೆಯ ಆಚೆ ಇದ್ದ ನೀರಿನ ಬಾಟಲಿ ಎತ್ತಿ ಎಸೆದ. ಅವರ ಮೊಣಕಾಲಿಗೆ ಬಡಿದು ಮುಚ್ಚಳ ಹಾರಿ ನೀರೆಲ್ಲ ಶೂ ಮೇಲೆ. ಅದನ್ನ ನೋಡಿ ಊರಿನ ಹುಡುಗರು ಒಳಗೆ ನುಗ್ಗಿದರು. ಇಬ್ಬರು ಹಳೇ ವಿದ್ಯಾರ್ಥಿಗಳು ಸ್ಕೋರರ್ ಮೇಜಿಗೆ ಹೋಗಿ ಸ್ಕೋರ್ ಶೀಟ್ ಎಳೆದಾಡಿದರು. ಮೇಡಮ್‌ಗೆ ಬೈದ ಮಾತು ಇಲ್ಲಿ ಬರೆಯೋ ಹಾಗಿಲ್ಲ.

ಈಗ ಹೆಡ್‌ಮಾಸ್ಟರ್ 'ಟೀಮಿನಿಂದ ತೆಗೆದುಹಾಕಿ, ಟಿಸಿಯಲ್ಲಿ ನಡತೆ ಸರಿಯಿಲ್ಲ ಅಂತ ಬರೀತೀನಿ' ಅಂತಿದ್ದಾರೆ. ಎಸ್‌ಡಿಎಂಸಿ, ಅಂದ್ರೆ ಶಾಲಾ ಅಭಿವೃದ್ಧಿ ಸಮಿತಿ, ಅದರ ಅಧ್ಯಕ್ಷರು ಹುಡುಗನ ದೊಡ್ಡಪ್ಪ. ಅವರು 'ನಮ್ಮ ಹುಡುಗನಿಗೆ ಅನ್ಯಾಯ ಆಗಿದೆ, ಆ ಅಂಪೈರ್ ಮೇಲೆ ಬಿಇಒ ಆಫೀಸಿಗೆ ಅರ್ಜಿ ಕೊಡಿ' ಅಂತಿದ್ದಾರೆ. ಹುಡುಗ ಮೂರು ದಿನದಿಂದ ಗ್ರೌಂಡಿಗೆ ಬಂದಿಲ್ಲ. ನಾನು ನಡುವೆ ಸಿಕ್ಕಿಹಾಕ್ಕೊಂಡಿದೀನಿ. ಅನುಭವ ಇದ್ದವರು ದಾರಿ ಹೇಳಿ.

ಹುಬ್ಬಳ್ಳಿ ಗಾಡಿ:
ಸರ, ಟಿಸಿ ಮ್ಯಾಲೆ ಬರಿಯೂದಂತೂ ಬ್ಯಾಡ್ರಿ. ಹತ್ತನೇತ್ತಾ ಹುಡುಗ, ನಾಳೆ ಪಿಯುಸಿ ಅಡ್ಮಿಷನ್‌ಗೆ ಹ್ವಾದಾಗ ಆ ಹಾಳಿ ಹಿಡಕೊಂಡು ನಿಂದ್ರತಾನ. ಒಂದು ಬಾಟ್ಲಿಗೆ ಅಷ್ಟು ದೊಡ್ಡ ಬೆಲೀನ? ಆದ್ರ ಟೀಮಿನ್ಯಾಗ ಹಂಗ ಇಟ್ಕೊಂಡ್ರೂ ತಪ್ಪು. ಮುಂದಿನ ಎರಡು ಮ್ಯಾಚು ಕುಂಡ್ರಸ್ರಿ. ಆಡೂ ಹುಡುಗಗ ಅದಕಿಂತ ದೊಡ್ಡ ಶಿಕ್ಷಾ ಇಲ್ಲ.

ಬೋನಸ್ ಭೂಪ:
ಮೊದಲು ಇದನ್ನ ಹೇಳಿ. ಬೋನಸ್ ಇತ್ತೋ ಇಲ್ವೋ?

ಪಿಟಿ ಮೇಷ್ಟ್ರು:
ಇತ್ತು. ನನ್ನ ಕಣ್ಣೆದುರೇ ದಾಟಿದ. ಹಿಂದಿನ ಕಾಲು ನೆಲದಿಂದ ಮೇಲಿತ್ತು, ನಿಯಮದ ಪ್ರಕಾರವೇ.

ಬೋನಸ್ ಭೂಪ:
ಹಾಗಿದ್ರೆ ಹುಡುಗನ್ನ ಮಾತ್ರ ಯಾಕೆ ಬೈತೀರಿ? ನಾನು ಆರು ವರ್ಷ ತಾಲ್ಲೂಕು ಆಡಿದವನು. ಆತಿಥೇಯ ಶಾಲೆಯವರೇ ಅಂಪೈರ್ ಹಾಕ್ತಾರೆ, ಮಧ್ಯಾಹ್ನ ಅವರ ಮನೆ ಊಟಾನೇ ಉಣ್ತಾರೆ, ಸಂಜೆ ಅವರಿಗೇ ಕಪ್ಪು. ಇದು ಎಲ್ಲ ಕಡೆ ಇರೋದೇ. ಬಾಟಲಿ ಎಸೆದಿದ್ದು ತಪ್ಪು, ಒಪ್ಪಿದೆ. ಆದ್ರೆ ಕೇಳೋಕೆ ಬೇರೆ ದಾರಿ ಏನಿದೆ ಆ ಹುಡುಗನಿಗೆ?

ನಿವೃತ್ತ ಸೀಟಿ:
33 ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು. ಭೂಪ ಅವರ ಮಾತಲ್ಲಿ ಹುರುಳಿಲ್ಲ ಅನ್ನಲಾರೆ, ಊಟದ ವಿಷಯ ನಾನೂ ಕಂಡಿದ್ದೇನೆ. ಆದರೆ ನಮ್ಮ ಶಾಲಾ ಕ್ರೀಡಾಕೂಟದ ಅಂಪೈರ್‌ಗಳು ಯಾರು ಅಂತ ಹೊರಗಿನವರಿಗೆ ಗೊತ್ತಿರಲ್ಲ. ಅಂಪೈರ್ ಅಂತ ಬೇರೆ ಜಾತಿ ಇಲ್ಲ. ನಾವೇ. ಬೆಳಿಗ್ಗೆ ನಾನು ನಿಮ್ಮ ಟೀಮಿನ ಮ್ಯಾಚಿಗೆ ಸೀಟಿ ಊದ್ತೀನಿ, ಮಧ್ಯಾಹ್ನ ನೀವು ನನ್ನ ಟೀಮಿನ ಮ್ಯಾಚಿಗೆ ಊದ್ತೀರಿ. ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೇಲೆ ಹೋದಂತೆ ಹೊರಗಿನ ರೆಫ್ರಿಗಳು ಸಿಗ್ತಾರೆ. ಕೆಳಗಿನ ಎರಡು ಮೆಟ್ಟಿಲಲ್ಲಿ ಇರೋದು ನಾವು ನಾವೇ. ಅಲ್ಲಿ ಒಬ್ಬರ ಮರ್ಯಾದೆ ಹೋದರೆ ಮುಂದಿನ ವರ್ಷ ಸೀಟಿ ಹಿಡಿಯೋಕೆ ಯಾರೂ ಮುಂದೆ ಬರಲ್ಲ. 'ನನಗೆ ಬಿಪಿ ಇದೆ ಸರ್, ಸ್ಕೋರರ್ ಕೆಲಸ ಕೊಡಿ' ಅಂತಾರೆ. ಮೇಷ್ಟ್ರೇ, ನಿಮಗೂ ಗೊತ್ತಿರೋ ಮಾತು ಇದು.

ನನ್ನ ಪ್ರಶ್ನೆ ಎರಡು. ಒಂದು, ಕೊನೇ ರೈಡಿನಲ್ಲಿ ಎದುರಿಗೆ ಎಷ್ಟು ಜನ ಇದ್ದರು? ಇನ್ನೊಂದು, ಹುಡುಗ ಮೇಡಂ ಕಡೆ ಹೋಗುವಾಗ ನೀವು ಎಲ್ಲಿದ್ರಿ, ಏನು ಮಾಡ್ತಿದ್ರಿ? ನಿಮ್ಮ ಬರಹದಲ್ಲಿ ಎಲ್ಲರೂ ಇದ್ದಾರೆ, ನೀವೊಬ್ಬರೇ ಇಲ್ಲ.

ಮೂರನೇ ಬೆಂಚು:
ಅಂಕಲ್, ನಾನು ಒಂಬತ್ತನೇ ಕ್ಲಾಸು, ರೈಟ್ ಕಾರ್ನರ್ ಆಡ್ತೀನಿ. ಆ ಅಣ್ಣನಿಗೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ನನಗೆ ಗೊತ್ತು. ಜಿಲ್ಲೆಗೆ ಹೋದ್ರೆ ಟ್ರ್ಯಾಕ್‌ಸೂಟ್ ಸಿಗುತ್ತೆ, ಕ್ರೀಡಾ ಹಾಸ್ಟೆಲ್‌ನವರು ನೋಡ್ತಾರೆ ಅಂತ ಎಲ್ಲರೂ ತಲೆಗೆ ತುಂಬಿರ್ತಾರೆ. ಆಮೇಲೆ ಟಿವಿಯಲ್ಲಿ ಪ್ರೊ ಕಬಡ್ಡಿ ನೋಡಿ ನೋಡಿ ನಮಗೆಲ್ಲ ರಿವ್ಯೂ ಕೇಳೋದು ಅಭ್ಯಾಸ. ನಮ್ಮ ಮ್ಯಾಚಲ್ಲಿ ಒಬ್ಬ ನಿಜವಾಗ್ಲೂ ರಿವ್ಯೂ ಅಂತ ಕೈ ತೋರಿಸಿದ್ದ. ರೆಫ್ರಿ ಸರ್ 'ಎಲ್ಲಪ್ಪ ಟಿವಿ? ಆ ಬೇವಿನ ಮರದ ಮೇಲಾ?' ಅಂದ್ರು. ಎಲ್ಲರೂ ನಕ್ರು, ಜಗಳ ಅಲ್ಲಿಗೇ ನಿಂತೋಯ್ತು.

ಸೀಟಿ ಮೇಡಂ:
ನಾನೂ ಪಿಇ ಟೀಚರ್. ಕಬಡ್ಡಿ, ಖೋ ಖೋ, ಥ್ರೋಬಾಲ್ ಮೂರಕ್ಕೂ ಅಂಪೈರಿಂಗ್ ಮಾಡ್ತೀನಿ. ಬಾಲಕರ ಮ್ಯಾಚಿಗೆ ಹೆಂಗಸು ಅಂಪೈರ್ ನಿಂತರೆ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ.

ಗಂಡಸು ತಪ್ಪು ತೀರ್ಪು ಕೊಟ್ಟರೆ ಕಳ್ಳ ಅಂತಾರೆ. ನಾವು ಸರಿ ತೀರ್ಪು ಕೊಟ್ಟರೂ 'ಆಟ ಗೊತ್ತಿಲ್ದೋಳನ್ನ ಯಾಕೆ ಕರೆಸಿದ್ರಿ' ಅಂತಾರೆ. ಪಕ್ಕದ ಪಟ್ಟಿಗೆ ಕಾಲಿಟ್ಟವನಿಗೆ ಲಾಬಿ ಔಟ್ ಕೊಟ್ಟಾಗ ಹಿಂದಿನಿಂದ 'ಹೋಗಿ ಮುದ್ದೆ ತಿರುವು' ಅನ್ನೋದನ್ನ ನಾನು ಲೆಕ್ಕ ಇಡೋದು ಬಿಟ್ಟು ವರ್ಷಗಳಾದವು. ಆಟದ ಮಧ್ಯೆ ಅದು ಕಿವಿಗೆ ಬೀಳಲ್ಲ, ನಿಜ ಹೇಳ್ತೀನಿ. ಗಮನ ಎಲ್ಲ ಕಾಲುಗಳ ಮೇಲಿರುತ್ತೆ. ಕಷ್ಟ ಇರೋದು ಕೊನೇ ಸೀಟಿ ಆದ ಮೇಲಿನ ಹತ್ತು ನಿಮಿಷದಲ್ಲಿ. ಮ್ಯಾಚು ನಡೆಯುವಾಗ ನಮ್ಮ ಹತ್ತಿರ ಕಾರ್ಡ್ ಇರುತ್ತೆ. ಹಸಿರು ತೋರಿಸಿದರೆ ಎಚ್ಚರಿಕೆ, ಹಳದಿ ತೋರಿಸಿದರೆ ಎರಡು ನಿಮಿಷ ಹೊರಗೆ, ಕೆಂಪಿಗೆ ಆ ಮ್ಯಾಚೇ ಮುಗೀತು. ಕೊನೇ ಸೀಟಿ ಊದಿದ ಮೇಲೆ ಯಾವ ಕಾರ್ಡಿಗೂ ಯಾರೂ ಹೆದರಲ್ಲ, ಹೊರಗೆ ಕೂರಿಸೋಕೆ ಆಟವೇ ಇಲ್ಲವಲ್ಲ. ಆಗ ನಾವು ಬರೀ ಬ್ಯಾಗ್ ಹಿಡಿದ ಹೆಂಗಸು. ಶಾಮಿಯಾನದಲ್ಲಿ ಬಹುಮಾನ ವಿತರಣೆ ಶುರುವಾಗಿರುತ್ತೆ, ಸಂಘಟಕರೆಲ್ಲ ಶಾಸಕರ ಕಡೆಯವರಿಗೆ ಹಾರ ಹಾಕ್ತಿರ್ತಾರೆ. ಕೋರ್ಟ್ ಹತ್ತಿರ ಯಾರೂ ಇರಲ್ಲ.

ಆ ಮೇಡಂ ಮನೆಗೆ ಹೇಗೆ ಹೋದರು ಅಂತ ಯಾರಾದರೂ ಕೇಳಿದ್ರಾ?

ಕುಡ್ಲದ ಕೋರ್ಟು:
ನಮ್ಮಲ್ಲಿ ವಾಲಿಬಾಲ್ ಜಾಸ್ತಿ ಮಾರಾಯ್ರೆ, ಹಾಗಾಗಿ ಅದರದ್ದೇ ಹೇಳ್ತೇನೆ. ವಾಲಿಬಾಲ್ ನಿಯಮದಲ್ಲಿ ಒಂದು ಚಂದದ ಸಂಗತಿ ಉಂಟು. ತೀರ್ಪಿನ ವಿವರಣೆ ಕೇಳುವ ಹಕ್ಕು ಕ್ಯಾಪ್ಟನ್‌ಗೆ ಮಾತ್ರ, ಅವನು ಮೊದಲ ರೆಫ್ರಿಯನ್ನು ಮರ್ಯಾದೆಯಿಂದ ಕೇಳ್ಬೇಕು. ವಿವರಣೆ ಒಪ್ಪಿಗೆ ಆಗದಿದ್ರೆ ಆಗಲೇ 'ನಾನು ಆಕ್ಷೇಪ ಬರೆಸ್ತೇನೆ' ಹೇಳ್ಬೇಕು. ಮ್ಯಾಚ್ ಮುಗಿದ ಮೇಲೆ ಕ್ಯಾಪ್ಟನ್ ರೆಫ್ರಿಗಳಿಗೆ ಥ್ಯಾಂಕ್ಸ್ ಹೇಳಿ ಸ್ಕೋರ್ ಶೀಟಿಗೆ ಸೈನ್ ಹಾಕುದು. ಆಗ ಆ ಆಕ್ಷೇಪವನ್ನು ಅದೇ ಹಾಳೆಯಲ್ಲಿ ಬರೆಸ್ಲಿಕ್ಕೆ ಜಾಗ ಉಂಟು. ನೋಡಿ, ಥ್ಯಾಂಕ್ಸೂ ಜಗಳವೂ ಒಂದೇ ಕಾಗದದಲ್ಲಿ.

ಭೂಪ ಅವರು 'ಬೇರೆ ದಾರಿ ಏನಿದೆ' ಕೇಳಿದ್ರಲ್ಲ, ದಾರಿ ಉಂಟು, ನಾವು ಮಕ್ಕಳಿಗೆ ಅದನ್ನು ತೋರಿಸುದಿಲ್ಲ ಅಷ್ಟೆ. ಡೈವ್ ಹೊಡೆಯುದು, ಸ್ಮ್ಯಾಶ್ ಹೊಡೆಯುದು ಎಲ್ಲ ಕಲಿಸ್ತೇವೆ. ರೆಫ್ರಿ ಹತ್ರ ಹೇಗೆ ಮಾತಾಡುದು ಅಂತ ಒಂದು ದಿನ ಪ್ರಾಕ್ಟೀಸ್ ಮಾಡಿಸಿದವರು ಯಾರಾದ್ರೂ ಇದ್ರೆ ಕೈ ಎತ್ತಿ. ನಾನಂತೂ ಮಾಡಿಸ್ಲಿಲ್ಲ.

ಪಿಟಿ ಮೇಷ್ಟ್ರು:
ನಿವೃತ್ತ ಸೀಟಿ ಸರ್ ಕೇಳಿದ್ದಕ್ಕೆ ಉತ್ತರ ಕೊಡದೆ ಎರಡು ದಿನ ತಪ್ಪಿಸ್ಕೊಂಡೆ. ಈಗ ಬರೀತೀನಿ.

ನಾನು ಗೆರೆ ಪಕ್ಕದಲ್ಲೇ ಇದ್ದೆ. ಸೆಕೆಂಡ್ ಹಾಫ್ ಶುರುವಾದಾಗಿನಿಂದ ಕೂತಿರಲಿಲ್ಲ. ಎರಡು ಸಲ 'ಏನ್ರೀ ಮೇಡಂ, ಕಣ್ಣು ಕಾಣುತ್ತಾ?' ಅಂತ ಕೂಗಿದೀನಿ. ಕೊನೇ ರೈಡಿಗೆ 'ಬೋನಸ್ ಬೋನಸ್' ಅಂತ ಹುಡುಗ ವಾಪಸ್ ಬರೋಕೆ ಮುಂಚೆಯೇ ನಾನು ಕಿರುಚಿದ್ದೆ. ಅವರು ಕೊಡದಿದ್ದಾಗ ಕೈಲಿದ್ದ ಎಂಟ್ರಿ ಫಾರ್ಮ್ ಫೈಲು ನೆಲಕ್ಕೆ ಬಡಿದೆ. ಅದಾದ ಮೇಲೇ ಇವನು ಸಾಲಿಗೆ ಹೋಗಿದ್ದು. ಬಾಟಲಿ ಎಸೆದಾಗ ನಾನು ಎಂಟು ಹೆಜ್ಜೆ ದೂರದಲ್ಲಿದ್ದೆ. ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಊರಿನವರು ನುಗ್ಗಿದ ಮೇಲೆ ಭಯ ಆಗಿ ಹುಡುಗರನ್ನ ಟೆಂಪೋ ಹತ್ತಿಸಿದೆ.

ಎದುರಿಗೆ ಆರು ಜನ ಇದ್ದರು ಅಂತಲೇ ನೆನಪು. ಹುಡುಗರ ಮೊಬೈಲಲ್ಲಿ ವಿಡಿಯೋ ಇದೆಯಂತೆ. ನೋಡಿ ಹೇಳ್ತೀನಿ.

ಹುಬ್ಬಳ್ಳಿ ಗಾಡಿ:
ಸರ, ಇದನ್ನ ಬರಿಯಾಕ ಗುಂಡಿಗಿ ಬೇಕು. ಹಂಗಂದ್ರ ಬಾಟ್ಲಿ ಹುಡುಗ ಒಗದಿದ್ದು, ಆದ್ರ ಅದಕಿಂತ ಮೊದಲ ಫೈಲ್ ಒಗದವ್ರು ನೀವ.

ಕರಿಕೋಟು:
ವಕೀಲ ನಾನು. ಕೇಳದಿದ್ದರೂ ಹೇಳ್ತೀನಿ, ಯಾಕೆಂದರೆ ಹೆಡ್‌ಮಾಸ್ಟರೂ ಅಧ್ಯಕ್ಷರೂ ಇಬ್ಬರೂ ತಪ್ಪು ದಾರಿ ಹಿಡಿದಿದ್ದಾರೆ.

ಸರ್ಕಾರಿ ಶಾಲೆಯ ಶಿಕ್ಷಕಿ ಇಲಾಖೆ ಹಾಕಿದ ಡ್ಯೂಟಿಯಲ್ಲಿದ್ದರೆ ಅವರು ಕರ್ತವ್ಯದಲ್ಲಿರುವ ಸಾರ್ವಜನಿಕ ನೌಕರರು. ಕೆಲಸಕ್ಕೆ ಅಡ್ಡಿಪಡಿಸಲು ಅವರ ಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಇದೆ, ಹಳೇ ಐಪಿಸಿಯ 353. ಸ್ಕೋರ್ ಶೀಟ್ ಎಳೆದಾಡಿದ ಆ ಇಬ್ಬರು ವಯಸ್ಕ 'ಹಳೇ ವಿದ್ಯಾರ್ಥಿ'ಗಳು ಇದನ್ನ ಓದಲಿ. ಮೇಡಂ ದೂರು ಕೊಟ್ಟರೆ ಅಧ್ಯಕ್ಷರ ಅರ್ಜಿ ಅದರ ಮುಂದೆ ನಿಲ್ಲಲ್ಲ.

ಹುಡುಗನ ವಿಷಯ ಬೇರೆ. ಅವನು ಬಾಲಕ. ಅವನಿಗೆ ಪೊಲೀಸ್ ಸ್ಟೇಷನ್ ತೋರಿಸೋದು ಪರಿಹಾರ ಅಲ್ಲ. ಹೊಡೆಯೋದು, ಅಸೆಂಬ್ಲಿಯಲ್ಲಿ ನಿಲ್ಲಿಸಿ ಅವಮಾನ ಮಾಡೋದು ಕೂಡ ಬೇಡ. ಆರ್‌ಟಿಇ ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆ ಕಾಯ್ದೆ 14 ವರ್ಷದವರೆಗಿನವರಿಗೆ ಅಂತ ಯಾರಾದರೂ ವಾದಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಕಾಯ್ತಿರುತ್ತೆ. ಬೆತ್ತ ಎತ್ತಿದರೆ ಬಾಟಲಿಯ ಕೇಸು ಬಿಟ್ಟು ನಿಮ್ಮದೇ ಕೇಸು ನಡೆಯುತ್ತೆ.

ಬೆಂಚು ಬಿಡದವ:
ಕ್ರಿಕೆಟ್ ಉದಾಹರಣೆ ಕೊಡಬಹುದಾ? 2023ರ ಜುಲೈನಲ್ಲಿ ಢಾಕಾದ ಮೀರ್‌ಪುರದಲ್ಲಿ ಭಾರತ ಮಹಿಳಾ ತಂಡದ ಕ್ಯಾಪ್ಟನ್ ಹರ್ಮನ್‌ಪ್ರೀತ್ ಕೌರ್ ತನಗೆ ಔಟ್ ಕೊಟ್ಟಿದ್ದಕ್ಕೆ ಬ್ಯಾಟಿನಿಂದ ಸ್ಟಂಪ್ ಹೊಡೆದಿದ್ದು ಎಲ್ಲರಿಗೂ ನೆನಪಿರುತ್ತೆ. ಜನ ಮರೆಯೋದು ಎರಡನೇ ಭಾಗ. ಪಂದ್ಯ ಮುಗಿದು ಬಹುಮಾನದ ಹೊತ್ತಲ್ಲಿ ಅಂಪೈರಿಂಗ್ ಬಗ್ಗೆ ಮಾತಾಡಿದ್ದಕ್ಕೆ ಬೇರೆಯದೇ ದಂಡ ಬಿತ್ತು. ಸ್ಟಂಪಿಗೆ ಪಂದ್ಯ ಶುಲ್ಕದ 50%, ಮಾತಿಗೆ 25%. ಮೇಲೆ ಎರಡು ಪಂದ್ಯ ನಿಷೇಧ. ಏಷ್ಯನ್ ಗೇಮ್ಸ್‌ನ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಎರಡೂ ಆಡಲಿಲ್ಲ, ಫೈನಲ್‌ಗೆ ವಾಪಸ್ ಬಂದು ಕ್ಯಾಪ್ಟನ್ ಆಗೇ ಆಡಿದರು. ನನಗೆ ಇಷ್ಟವಾಗೋದು ಅದು. ಶಿಕ್ಷೆಗೆ ಅಳತೆ ಇತ್ತು, ಕೊನೆ ಇತ್ತು.

ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರ ಜುಬಿಲಿ ಟೆಸ್ಟಲ್ಲಿ ಔಟ್ ಅಂತ ಹೊರಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ನ ವಾಪಸ್ ಕರೆದ ಕಥೆಯನ್ನೂ ಹುಡುಗರಿಗೆ ಹೇಳಬಹುದು.

ನಿವೃತ್ತ ಸೀಟಿ:
ವಿಶ್ವನಾಥ್ ಕಥೆ ನಾನೂ ನೂರು ಸಲ ಹೇಳಿದ್ದೇನೆ, ಆದರೆ ಇಲ್ಲಿಗೆ ಹೊಂದಲ್ಲ. ಅಲ್ಲಿ ಅಂಪೈರ್ ಔಟ್ ಕೊಟ್ಟಿದ್ದರು, ತನಗೆ ಲಾಭವಾಗೋ ತೀರ್ಪನ್ನ ಕ್ಯಾಪ್ಟನ್ ಬಿಟ್ಟುಕೊಟ್ಟ. ಇಂಗ್ಲೆಂಡ್ ಹತ್ತು ವಿಕೆಟ್‌ನಿಂದ ಗೆದ್ದಿತು. ತನಗೆ ನಷ್ಟವಾಗೋ ತೀರ್ಪನ್ನ ಹೇಗೆ ನುಂಗಬೇಕು ಅನ್ನೋದು ಅದಕ್ಕಿಂತ ಕಹಿ ಪಾಠ, ಅದಕ್ಕೆ ಕಥೆಗಳೂ ಕಮ್ಮಿ.

ಲೀಡ್ಸ್ ದಾವಣಗೆರೆ:
ನಾನಿರೋದು ಇಂಗ್ಲೆಂಡಿನಲ್ಲಿ, ಮಗ ಭಾನುವಾರದ ಹತ್ತು ವರ್ಷದೊಳಗಿನವರ ಫುಟ್‌ಬಾಲ್ ಆಡ್ತಾನೆ. ಇಲ್ಲಿ ಜನ ಬಹಳ ಸಭ್ಯರು ಅಂತ ತಿಳ್ಕೊಳ್ಳಬೇಡಿ. ರೆಫ್ರಿಗೆ ಬೈಯೋದು ಇಲ್ಲೂ ದೊಡ್ಡ ಕಾಯಿಲೆ. 2023ರಲ್ಲಿ ಇಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಕೆಳಹಂತದ ರೆಫ್ರಿಗಳ ಎದೆಗೆ ಕ್ಯಾಮೆರಾ ಕಟ್ಟಿ ಪ್ರಯೋಗ ಮಾಡೋ ಮಟ್ಟಕ್ಕೆ ಬಂತು ಅಂದ್ರೆ ನೋಡಿ. ರೆಫ್ರಿಗೆ ಎದುರಾಡಿದರೆ ಹತ್ತು ನಿಮಿಷ ಹೊರಗೆ ಕೂರಿಸೋ ನಿಯಮ ಕೆಳಹಂತದ ಫುಟ್‌ಬಾಲಲ್ಲಿ 2019–20ರಿಂದ ಇದೆ. ಫುಟ್‌ಬಾಲಲ್ಲಿ ಕೊನೇ ಸೀಟಿ ಆದ ಮೇಲೂ ರೆಫ್ರಿ ಮೈದಾನ ಬಿಡೋವರೆಗೆ ಕಾರ್ಡ್ ತೋರಿಸಬಹುದು. ಅದು ಮುಂದಿನ ಮ್ಯಾಚಿಗೆ ಲೆಕ್ಕಕ್ಕೆ ಬರುತ್ತೆ. ಸೀಟಿ ಮೇಡಂ ಹೇಳಿದ 'ಹತ್ತು ನಿಮಿಷ'ಕ್ಕೆ ಅವರು ಹುಡುಕಿದ ಉತ್ತರ ಅದು.

ನನಗೆ ಇವೆಲ್ಲಕ್ಕಿಂತ ಕೆಲಸ ಮಾಡೋದು ಅನ್ನಿಸಿದ್ದು ಒಂದು ಹಗ್ಗ. ಅಪ್ಪ ಅಮ್ಮಂದಿರು ಹಗ್ಗದ ಆಚೆ ನಿಲ್ಲಬೇಕು, ಅಷ್ಟೇ. ಗೆರೆಯಿಂದ ಒಂದು ಮಾರು ದೂರ ನಿಂತರೆ ಗಂಟಲೂ ಒಂದು ಮಾರು ಇಳಿಯುತ್ತೆ. ಮೊದಲ ಸಲ ನಾನೂ ಹಗ್ಗ ದಾಟಿ ಬೈಸಿಕೊಂಡಿದೀನಿ.

ಬೋನಸ್ ಭೂಪ:
ಹಗ್ಗ ಸರಿ, ನಮ್ಮೂರಲ್ಲಿ ಹಗ್ಗ ಕಟ್ಟಿದರೆ ಅದರ ಮೇಲೆ ಒಬ್ಬ ಉಯ್ಯಾಲೆ ಆಡ್ತಾನೆ.

ಹತ್ತನೇ ಕ್ಲಾಸಿನ ಅಮ್ಮ:
ಮೇಷ್ಟ್ರೇ, ಒಬ್ಬ ತಾಯಿಯಾಗಿ ಹೇಳ್ತೀನಿ. ಆ ಹುಡುಗನ ಮನೆಗೆ ಹೋಗಿದ್ರಾ? ಮೂರು ದಿನ ಗ್ರೌಂಡಿಗೆ ಬಂದಿಲ್ಲ ಅಂದ್ರೆ ಸಿಟ್ಟಲ್ಲ ಅದು, ನಾಚಿಕೆ. ದೊಡ್ಡಪ್ಪ ಬೀದಿಯಲ್ಲಿ ಇವನ ಪರ ಕೂಗಾಡ್ತಿದ್ದರೆ ಕ್ಷಮೆ ಕೇಳಬೇಕು ಅನ್ನಿಸಿದರೂ ಬಾಯಿ ಬಿಡೋಕೆ ಆಗಲ್ಲ ಅವನಿಗೆ. ನನ್ನ ಮಗ ಒಂದು ಸಲ ಹೀಗೇ ಸಿಕ್ಕಿಹಾಕಿಕೊಂಡಿದ್ದ.

ಗೆರೆ ಎಳೆಯೋನು:
ಸುಲಭದ ಉಪಾಯ ಇದೆ. ಒಂದು ತಿಂಗಳು ಅವನ ಕೈಗೇ ಸೀಟಿ ಕೊಡಿ. ಆರನೇ ಏಳನೇ ಕ್ಲಾಸಿನ ಮಕ್ಕಳ ಮ್ಯಾಚಿಗೆ ಅಂಪೈರ್ ಮಾಡಿ. ಚಿಳ್ಳೆಪಿಳ್ಳೆಗಳು ಬೈದಾಗ ಬುದ್ಧಿ ಬರುತ್ತೆ.

ಸೀಟಿ ಮೇಡಂ:
ಗೆರೆ ಎಳೆಯೋರೇ, ಈ ಮಾತನ್ನ ಎಲ್ಲರೂ ಹೇಳ್ತಾರೆ, ನನಗೆ ಮೈ ಉರಿಯುತ್ತೆ. ಅಂಪೈರಿಂಗ್ ಅಂದ್ರೆ ಶಿಕ್ಷೆಯಾ? ಕಕ್ಕಸು ತೊಳೆಸೋ ಹಾಗೆ ಸೀಟಿ ಊದಿಸ್ತೀರಾ? ನಾನು ರಜೆ ದಿನ ಹೋಗಿ, ನಿಯಮದ ಪುಸ್ತಕ ಓದಿ, ಪರೀಕ್ಷೆ ಬರೆದು ಕಲಿತ ಕೆಲಸ ಅದು. ಹುಡುಗನಿಗೆ ಇಷ್ಟ ಇದ್ದರೆ ಕಲಿಸಿ, ಅದು ಬಹುಮಾನದ ಹಾಗೆ ಇರಲಿ. ತಪ್ಪಿಗೆ ಬೇರೆ ಏನಾದರೂ ಮಾಡಿ.

ಗೆರೆ ಎಳೆಯೋನು:
ಆ ದಿಕ್ಕಲ್ಲಿ ಯೋಚನೆ ಮಾಡಿರಲಿಲ್ಲ ಮೇಡಂ. ವಾಪಸ್ ತಗೊಂಡೆ.

ಪಿಟಿ ಮೇಷ್ಟ್ರು:
ವಿಡಿಯೋ ನೋಡಿದೆ. ಒಂದಲ್ಲ, ಇಪ್ಪತ್ತು ಸಲ ನೋಡಿದೆ.

ಐದು ಜನ.

ಎದುರಿಗೆ ಇದ್ದದ್ದು ಐದೇ ಜನ. ಕನಿಷ್ಠ ಆರು ಜನ ಇದ್ದರೆ ಮಾತ್ರ ಬೋನಸ್, ಇದು ನಾನು ಎಂಟನೇ ಕ್ಲಾಸ್ ಮಕ್ಕಳಿಗೆ ಮೊದಲ ವಾರ ಹೇಳಿಕೊಡೋ ಪಾಠ. ಹಿಂದಿನ ರೈಡಲ್ಲಿ ಅವರು ಖಾಲಿ ಹೋಗಿದ್ದರು, ಅವರ ಕಡೆ ಯಾರೂ ಒಳಗೆ ಬಂದಿರಲಿಲ್ಲ. ಸಿಟ್ಟಿಂಗ್ ಬ್ಲಾಕಲ್ಲಿ ಔಟಾಗಿ ಕೂತಿದ್ದವನೊಬ್ಬ ಎದ್ದು ನಿಂತು ಕುಣೀತಿದ್ದ. ನಾನಿದ್ದ ಮೂಲೆಯಿಂದ ಅವನೂ ಕೋರ್ಟ್ ಒಳಗೇ ಇದ್ದ ಹಾಗೆ ಕಂಡಿದೆ. ನಾನು ಆರು ಎಣಿಸಿದೆ, ಕಿರುಚಿದೆ, ಹುಡುಗ ನನ್ನ ಮಾತು ನಂಬಿದ.

ಇನ್ನೂ ಒಂದಿದೆ. ಮೇಡಂ ಅಂಗೈ ತೋರಿಸಿದರು ಅಂದಿದ್ದೆನಲ್ಲ, 'ಹೋಗೋ' ಅನ್ನೋ ಹಾಗೆ. ವಿಡಿಯೋದಲ್ಲಿ ಸ್ಪಷ್ಟವಾಗಿದೆ. ಐದು ಬೆರಳು ಬಿಡಿಸಿ ಹಿಡಿದಿದ್ದಾರೆ, ಮೊದಲು ಹುಡುಗನಿಗೆ, ಆಮೇಲೆ ತಿರುಗಿ ನನಗೆ. ಐದು ಜನ ಅಂತ.

ಬೋನಸ್ ಭೂಪ:
ಅಯ್ಯೋ.

ಕುಡ್ಲದ ಕೋರ್ಟು:
ಸಾವು ಮಾರ್ರೆ.

ನಿವೃತ್ತ ಸೀಟಿ:
ಈಗ ನಿಮ್ಮ ಪ್ರಶ್ನೆ ಬದಲಾಯಿತು ಮೇಷ್ಟ್ರೇ. 'ಹುಡುಗನಿಗೆ ಏನು ಮಾಡಲಿ' ಅಂತ ಕೇಳಿದ್ರಿ. ಆ ಸಾಲಿನಲ್ಲಿ ಮೊದಲು ನೀವು ನಿಲ್ಲಬೇಕು, ಹಿಂದೆ ಹುಡುಗ. ಬರೀ ಅವನನ್ನ ಕಳಿಸಬೇಡಿ, ಬರೀ ಕ್ಷಮಾಪಣೆ ಪತ್ರ ಬರೆಸಿ ಪೋಸ್ಟ್ ಮಾಡಬೇಡಿ. ಹೆಡ್‌ಮಾಸ್ಟರ್ ಡಿಕ್ಟೇಟ್ ಮಾಡಿದ ಕ್ಷಮಾಪಣೆ ಪತ್ರಗಳನ್ನ ನಾನು ಸಾಕಷ್ಟು ಓದಿದ್ದೇನೆ, ಎಲ್ಲವೂ ರಜೆ ಚೀಟಿ ಹಾಗೇ ಇರುತ್ತವೆ.

ಪಿಟಿ ಮೇಷ್ಟ್ರು:
ಹೋಗಿ ಬಂದ್ವಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಹತ್ತನೇ ಕ್ಲಾಸಿನ ಅಮ್ಮ ಹೇಳಿದ ಹಾಗೆ ಮೊದಲು ಹುಡುಗನ ಮನೆಗೆ ಹೋದೆ. ಹಸು ಕಟ್ಟೋ ಜಾಗದಲ್ಲಿ ಕೂತಿದ್ದ. ವಿಡಿಯೋ ತೋರಿಸಿದೆ. 'ಎಣಿಸು' ಅಂದೆ. ಎರಡು ಸಲ ಎಣಿಸಿದ. 'ಸರ್, ನೀವು ಆರು ಅಂದ್ರಲ್ಲ' ಅಂದ. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ದೊಡ್ಡಪ್ಪನಿಗೂ ಅಲ್ಲೇ ತೋರಿಸಿದೆ. ಅವರು ನೋಡಿ 'ಐದಿದ್ರೆ ಬೋನಸ್ ಇಲ್ವಾ? ಇದ್ಯಾವಾಗಿಂದ?' ಅಂದರು. ಅರ್ಜಿಯ ಮಾತು ಆಮೇಲೆ ಬರಲಿಲ್ಲ. ತಪ್ಪು ಒಪ್ಪಿಕೊಂಡರು ಅಂತಲ್ಲ, ಮಾತು ಬರಲಿಲ್ಲ ಅಷ್ಟೇ.

ಮಾರನೇ ದಿನ ಫೋನ್ ಮಾಡಿ ಕೇಳಿಕೊಂಡು, ಸಂಜೆ ಬೈಕಲ್ಲಿ ಮೇಡಂ ಶಾಲೆಗೆ ಹೋದ್ವಿ. ಹುಡುಗನ ಅಪ್ಪ ಇನ್ನೊಂದು ಬೈಕಲ್ಲಿ ಬಂದರು. ಮೇಡಂ ಸುಣ್ಣದ ಪುಡಿಯಲ್ಲಿ ಖೋ ಖೋ ಕೋರ್ಟಿಗೆ ಗೆರೆ ಹಾಕಿಸ್ತಿದ್ದರು. ನಾನು ಮೊದಲು ಮಾತಾಡಿದೆ. ಕೂಗಿದ್ದು, ಫೈಲ್ ಬಡಿದಿದ್ದು, ತಪ್ಪು ಎಣಿಸಿದ್ದು, ಹುಡುಗನನ್ನ ಹಿಡಿಯದೇ ನಿಂತಿದ್ದು, ಎಲ್ಲ ಹುಡುಗನ ಎದುರೇ ಹೇಳಿದೆ. ಹುಡುಗ ಏನೋ ಬಾಯಿಪಾಠ ಮಾಡ್ಕೊಂಡು ಬಂದಿದ್ದ, ಎರಡು ಮಾತಿಗೇ ಮರೆತುಹೋಯ್ತು. 'ಕಾಲಿಗೆ ಪೆಟ್ಟಾಯ್ತಾ ಮೇಡಂ' ಅಂತ ಕೇಳಿದ. ಅವರು 'ಕಾಲಿಗೇನೂ ಆಗಿಲ್ಲ, ಎಷ್ಟು ತಗೊಂಡ್ರಿ ಅಂದ್ಯಲ್ಲ, ಅದು ಇನ್ನೂ ಇದೆ' ಅಂದರು. ಹುಡುಗ ತಲೆ ತಗ್ಗಿಸಿ ನಿಂತ. ಅವರು 'ಪರವಾಗಿಲ್ಲ ಬಿಡು' ಅನ್ನಲಿಲ್ಲ. ಅನ್ನದೇ ಇದ್ದದ್ದೇ ಒಳ್ಳೇದಾಯ್ತು ಅಂತ ನನಗೆ ಈಗ ಅನ್ನಿಸ್ತಿದೆ.

ಆಮೇಲೆ ಅವರೇ ಹೇಳಿದರು: 'ನಾನು ಬಾಯಲ್ಲಿ ಐದು ಅಂತ ಹೇಳಬೇಕಿತ್ತು. ಸೀಟಿ ಹಲ್ಲಲ್ಲಿ ಕಚ್ಚಿಕೊಂಡಿದ್ದೆ.'

ಶಾಲೆಯಲ್ಲಿ ತೀರ್ಮಾನ ಆಗಿದ್ದು: ದಸರಾ ರಜೆವರೆಗೆ ಹುಡುಗ ಯಾವ ಮ್ಯಾಚೂ ಆಡಲ್ಲ, ಪ್ರಾಕ್ಟೀಸಿಗೆ ಬರ್ತಾನೆ. ಕ್ಯಾಪ್ಟನ್ ಪಟ್ಟಿ ಬೇರೆಯವನಿಗೆ. ಟಿಸಿಯಲ್ಲಿ ಏನೂ ಬರೆಯಲ್ಲ ಅಂತ ಹೆಡ್‌ಮಾಸ್ಟರ್ ಒಪ್ಪಿದರು. ನನ್ನ ಬಗ್ಗೆ ತಾಲ್ಲೂಕು ದೈಹಿಕ ಪರಿವೀಕ್ಷಕರಿಗೆ ನಾನೇ ಲಿಖಿತವಾಗಿ ಕೊಟ್ಟಿದೀನಿ. ಏನು ಮಾಡ್ತಾರೋ ನೋಡಬೇಕು. ಕುಡ್ಲದವರ ಮಾತು ಹಿಡಿದು ಶನಿವಾರದ ಪ್ರಾಕ್ಟೀಸಲ್ಲಿ ಒಂದು ಹೊಸ ಆಟ ಸೇರಿಸಿದೀನಿ. ನಾನು ಬೇಕಂತಲೇ ತಪ್ಪು ತೀರ್ಪು ಕೊಡ್ತೀನಿ, ಕ್ಯಾಪ್ಟನ್ ಒಬ್ಬನೇ ಬಂದು ಒಂದೇ ವಾಕ್ಯದಲ್ಲಿ ಕೇಳಬೇಕು. ಮೊದಲ ದಿನ ಏಳೂ ಜನ ಒಟ್ಟಿಗೆ ಬಂದರು.

ಆ ಇಬ್ಬರು ಹಳೇ ವಿದ್ಯಾರ್ಥಿಗಳು ಮಾತ್ರ ಇನ್ನೂ ಮೀಸೆ ತಿರುವಿಕೊಂಡೇ ಓಡಾಡ್ತಿದ್ದಾರೆ. ಅವರ ವಿಷಯ ನನ್ನ ಕೈಲಿ ಆಗಿಲ್ಲ.

ಕರಿಕೋಟು:
ಆ ಇಬ್ಬರಿಗೆ ಮುಂದಿನ ಕೂಟದಲ್ಲಿ ಗ್ರೌಂಡಿಗೆ ಪ್ರವೇಶ ಇಲ್ಲ ಅಂತ ಸಂಘಟನಾ ಸಮಿತಿ ನಿರ್ಣಯ ಮಾಡಬಹುದು. ಶಾಲೆ ಆವರಣದಲ್ಲಿ ನಡೆಯೋ ಕೂಟಕ್ಕೆ ಯಾರು ಬರಬೇಕು ಅಂತ ಹೇಳೋ ಅಧಿಕಾರ ಶಾಲೆಗಿದೆ. ಪೊಲೀಸ್ ಠಾಣೆಗೆ ಮೊದಲೇ ಪತ್ರ ಕೊಟ್ಟರೆ ಒಬ್ಬ ಹೋಮ್‌ಗಾರ್ಡ್ ಆದರೂ ಬರ್ತಾನೆ.

ಮೂರನೇ ಬೆಂಚು:
ಮೇಷ್ಟ್ರೇ, ಆ ಅಣ್ಣನಿಗೆ ಹೇಳಿ, ನಾನೂ ಒಂದು ಸಲ ಐದು ಜನರ ಮುಂದೆ ಬೋನಸ್ ಕೇಳಿದೀನಿ.

ಸೀಟಿ ಮೇಡಂ:
ಎಲ್ಲ ಸರಿ ಮೇಷ್ಟ್ರೇ. ನನ್ನ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ. ಅವತ್ತು ಅವರು ಮನೆಗೆ ಹೇಗೆ ಹೋದರು?

ಪಿಟಿ ಮೇಷ್ಟ್ರು:
ಕೇಳಿದೆ ಮೇಡಂ. ಗ್ರೌಂಡಿನ ಹಿಂದಿನ ಗೇಟಿಂದ ಒಬ್ಬರೇ ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋದರಂತೆ, ಒದ್ದೆ ಶೂನಲ್ಲಿ. ಆರೂವರೆ ಬಸ್ಸು ತಪ್ಪಿ ಎಂಟು ಗಂಟೆ ಬಸ್ಸಿಗೆ ಕಾದರಂತೆ. ನಮ್ಮ ಟೆಂಪೋ ಅದೇ ಬಸ್‌ಸ್ಟ್ಯಾಂಡ್ ಮುಂದೆಯೇ ಹಾದುಹೋಗಿದೆ.

ಮುಂದಿನ ತಿಂಗಳು ನಮ್ಮ ಶಾಲೆಯಲ್ಲಿ ಬಾಲಕಿಯರ ಥ್ರೋಬಾಲ್ ಇದೆ. ಅಂಪೈರ್‌ಗಳನ್ನ ಕರೆತಂದು ಮನೆ ಬಾಗಿಲಿಗೆ ಬಿಡೋಕೆ ಒಂದು ಕಾರು ಗೊತ್ತು ಮಾಡಿದೀನಿ. ಡ್ರೈವರ್ ಆ ಹುಡುಗನ ಅಪ್ಪ.